ಮೊದಲ ಮೋಡದ ನಂತರ ಎರಡು ಗಂಟೆ

ಪುಣೆ
ಮಾರ್ಚ್ 24, 2024

ಕದರಪ್ಪಣ್ಣನವರಿಗೆ ಶಿರಾದ ಜಯರಾಮಯ್ಯನವರ ಮಗಳು ಸ್ನೇಹಲತಾ ಮಾಡುವ ನಮಸ್ಕಾರಗಳು.

ಹೋದ ಬೇಸಿಗೆಯಲ್ಲಿ ನೀವು ನಮ್ಮ ಕಡಲೆಕಾಯಿ ಹೊಲದಲ್ಲಿ ರಾತ್ರಿ ಕುರಿ ತರುಬಿ ಗೊಬ್ಬರ ಬೀಳಿಸಲು ಬಂದಾಗ ಅಪ್ಪ ನಿಮ್ಮ ಕೈಗೆ ಒಂದು ಕಟ್ಟು ಕಾರ್ಡು ಕೊಟ್ಟು, "ನನ್ ಮಗಳು ಪುಣೆಯಾಗೆ ಹವಾಮಾನ ಓದ್ತಾವ್ಳೆ, ಮೋಡ ಎದ್ದಾಗ ಟೈಮ್ ಬರ್ದು ಪೋಸ್ಟಿಗೆ ಹಾಕ್ಬುಡು" ಎಂದಷ್ಟೇ ಹೇಳಿದ್ದರಂತೆ. ನೀವು ಮರುಮಾತಿಲ್ಲದೆ ನಲವತ್ತೊಂದು ಕಾರ್ಡು ಕಳುಹಿಸಿದಿರಿ. ನಾನು ಇಷ್ಟು ದಿನ ನಿಮಗೆ ಒಂದಕ್ಷರವನ್ನೂ ಬರೆಯದೆ ಇದ್ದದ್ದು ನನ್ನ ಸೊಕ್ಕೋ ಸೋಮಾರಿತನವೋ, ಎರಡರಲ್ಲಿ ಒಂದು. ಕ್ಷಮಿಸಿ.

ನನ್ನ ಕೆಲಸವೇನೆಂದು ಹೇಳುತ್ತೇನೆ. ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಮಳೆ ಬರುತ್ತದಲ್ಲ, ಅದು ಎಲ್ಲಿ, ಯಾವಾಗ, ಏಕೆ ಶುರುವಾಗುತ್ತದೆ ಎಂದು ಹುಡುಕುವುದು. ಇಲ್ಲಿ ಕಂಪ್ಯೂಟರಿನಲ್ಲಿ ಹವಾಮಾನದ ಮಾಡೆಲ್ ಎಂಬುದಿದೆ. ಅದು ಭೂಮಿಯನ್ನೆಲ್ಲ ಚೌಕ ಚೌಕ ಮಾಡಿ, ಪ್ರತಿ ಚೌಕದ ಮೇಲೂ ಗಾಳಿ ಎಷ್ಟಿತ್ತು, ಕಾವು ಎಷ್ಟಿತ್ತು, ತೇವ ಎಷ್ಟಿತ್ತು, ಮಳೆ ಎಷ್ಟು ಬಿತ್ತು ಎಂದು ಗಂಟೆಗೊಮ್ಮೆ ಹೇಳುತ್ತದೆ. ಆದರೆ ಮೊದಲ ಮೋಡ ಕತ್ತೆತ್ತುವ ಹೊತ್ತನ್ನು ಅದು ಸರಿಯಾಗಿ ಹೇಳಲಾರದು. ಅದಕ್ಕೆ ಮನುಷ್ಯರ ಕಣ್ಣೇ ಬೇಕು.

ಕಾರ್ಡು ಪಡೆದ ಬೇರೆಯವರೆಲ್ಲ "ಮಧ್ಯಾಹ್ನ ಮೋಡವಿತ್ತು" ಎಂದು ಬರೆದು ಕೈ ತೊಳೆದುಕೊಂಡಿದ್ದರು. ನೀವು "ದುರ್ಗದ ಬಡಗಲ ಭುಜದಿಂದ ಹೂಕೋಸಿನಂತೆ ಎದ್ದಿತು, ಬುಡ ಕಪ್ಪು, ತಲೆ ಬಿಳುಪು, 1 ಗಂಟೆ 50" ಎಂದು ಬರೆದಿದ್ದೀರಿ. ಇಂಥ ಕಣ್ಣು ನಮ್ಮ ಸಂಸ್ಥೆಯಲ್ಲಿ ಯಾರಿಗೂ ಇಲ್ಲ. ಈ ಬೇಸಿಗೆಗೂ ಐವತ್ತು ಕಾರ್ಡು ಕಳುಹಿಸಿದ್ದೇನೆ. ಕಾರ್ಡಿನಲ್ಲಿ ಜಾಗ ಸಾಲದಿದ್ದರೆ ಕಾಗದವನ್ನೇ ಬರೆಯಿರಿ.

ನಿಮ್ಮ,
ಸ್ನೇಹಲತಾ


ಚನ್ನರಾಯನದುರ್ಗ
ಏಪ್ರಿಲ್ 5, 2024

ಸ್ನೇಹಲತಮ್ಮನವರಿಗೆ ಕದರಪ್ಪ ಮಾಡುವ ಶರಣು. ಇಲ್ಲಿ ಎಲ್ಲರೂ ಕ್ಷೇಮ, ಬಿಸಿಲೊಂದು ಬಿಟ್ಟು.

ನಾನು ಏಳನೇ ಕ್ಲಾಸು ಪಾಸು. ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಇಡೀ ಕ್ಲಾಸಿಗೆ ನನ್ನ ಕಾಪಿ ಪುಸ್ತಕ ತೋರಿಸುತ್ತಿದ್ದರು. ಆಮೇಲೆ ನಲವತ್ತು ವರ್ಷ ಆ ಅಕ್ಷರಕ್ಕೆ ಕೆಲಸವಿರಲಿಲ್ಲ. ನಿಮ್ಮ ಕಾರ್ಡು ಬಂದ ಮೇಲೆ ಪೋಸ್ಟ್ ಮ್ಯಾನ್ ನನ್ನನ್ನು "ಏನು ರೈಟರೇ" ಎಂದು ಕರೆಯುತ್ತಾನೆ. ಹೊರಗೆ ಬೈದುಕೊಂಡರೂ ಒಳಗೆ ಖುಷಿಯಾಗುತ್ತದೆ.

ನಮ್ಮದು ನೂರಾ ಮೂವತ್ತು ಕುರಿ. ನಾನು, ಹೆಂಡತಿ ಚಿಕ್ಕಹನುಮಕ್ಕ, ತಮ್ಮ ಅಂಜನಪ್ಪ, ಅವನ ಹೆಂಡತಿ ಪುಟ್ಟಕ್ಕ, ಎರಡು ಮನೆಗೂ ಒಂದೇ ಮಂದೆ. ಮೋಡ ನೋಡುವುದು ಹಿರಿಯನಾದ ನನ್ನ ಪಾಲಿನ ಕೆಲಸ. ನಮ್ಮಪ್ಪನ ಕಾಲದಿಂದ ಹಾಗೆ.

ಕಣ್ಣಿನ ವಿಚಾರ ನೀವು ಬರೆದದ್ದನ್ನು ಜೋರಾಗಿ ಓದಿದೆ. ಮನೆಯವಳು ಪಕ್ಕದಲ್ಲಿ ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿ ಒಂದು ಥರ ನಕ್ಕಳು. ಯಾಕೆ ನಗ್ತೀಯಾ ಎಂದೆ. "ಏನಿಲ್ಲ, ಓದು ಓದು, ಚೆನ್ನಾಗೈತೆ" ಎಂದಳು.

ಇದರ ಜೊತೆ ನಾಲ್ಕು ಕಾರ್ಡು ಇಟ್ಟಿದ್ದೇನೆ.

ಇಂತಿ,
ಕದರಪ್ಪ


ಪುಣೆ
ಏಪ್ರಿಲ್ 14, 2024

ಕದರಪ್ಪಣ್ಣನವರಿಗೆ ನಮಸ್ಕಾರ.

ನಿಮಗೆ ಒಂದು ವಿಷಯ ಹೇಳಬೇಕು, ಕೋಪ ಮಾಡಿಕೊಳ್ಳಬಾರದು. ನಿಮ್ಮ ಕಾರ್ಡುಗಳನ್ನು ಮಾಡೆಲ್ ಜೊತೆ ಹೋಲಿಸಿ ನೋಡಿದೆ. ನೀವು ಹತ್ತಕ್ಕೆ ಏಳು ದಿನ ಮೋಡ ದುರ್ಗದ ಮೇಲೆ ಎದ್ದಿತು ಎನ್ನುತ್ತೀರಿ. ಮಾಡೆಲ್ ಒಂದು ದಿನವೂ ಹಾಗೆ ಹೇಳುವುದಿಲ್ಲ. ಎರಡು ವಾರ ತಲೆ ಕೆಡಿಸಿಕೊಂಡು ಕೊನೆಗೆ ಕಾರಣ ಕಂಡುಹಿಡಿದೆ. ಮಾಡೆಲ್‌ನಲ್ಲಿ ನಿಮ್ಮ ದುರ್ಗವೇ ಇಲ್ಲ.

ಅದರ ಒಂದೊಂದು ಚೌಕವೂ ಇಪ್ಪತ್ತೈದು ಕಿಲೋಮೀಟರ್ ಉದ್ದಗಲ. ಚೌಕಕ್ಕೆಲ್ಲ ಸೇರಿ ಒಂದೇ ಎತ್ತರ. ಹಾಗಾಗಿ ಚನ್ನರಾಯನದುರ್ಗ, ಮಧುಗಿರಿಯ ಏಕಶಿಲೆ, ಸಿದ್ದರಬೆಟ್ಟ ಎಲ್ಲವೂ ಕರಗಿ ಒಂದು ದಿಣ್ಣೆಯಾಗಿವೆ. ಬಿಸಿಲಿಗೆ ಕಾದ ಗಾಳಿ ಮೇಲೇರಲು ನೋಡುತ್ತದೆ, ಆದರೆ ಮೇಲೆ ಒಣ ಗಾಳಿಯ ಒಂದು ಪದರ ಪಾತ್ರೆಯ ಮುಚ್ಚಳದಂತೆ ಕೂತಿರುತ್ತದೆ. ಬೆಟ್ಟ ಇದ್ದಲ್ಲಿ ಗಾಳಿ ಅದನ್ನು ಹತ್ತಿ ಆ ಮುಚ್ಚಳವನ್ನು ತಳ್ಳುತ್ತದೆ, ಮೋಡ ಹುಟ್ಟುತ್ತದೆ. ಬೆಟ್ಟವೇ ಇಲ್ಲದಿದ್ದರೆ ತಳ್ಳುವವರು ಯಾರು?

ಇನ್ನೂ ಸಣ್ಣ ಚೌಕದ ಮಾಡೆಲ್ ಒಂದಿದೆ. ಅದರ ದತ್ತಾಂಶ ಕೇಳಿದ್ದೇನೆ. ಸಿಕ್ಕಿದರೆ ನಿಮ್ಮ ಬೆಟ್ಟ ನಿಮಗೆ ವಾಪಸ್.

ಸ್ನೇಹಲತಾ


ಚನ್ನರಾಯನದುರ್ಗ
ಏಪ್ರಿಲ್ 21, 2024

ಸ್ನೇಹಲತಮ್ಮನವರಿಗೆ,

ಕೋಪ ಬಂದಿದೆ. ದುರ್ಗವೇ ಇಲ್ಲವೆಂದರೆ ಏನರ್ಥ? ಕೋಟೆ ಕಟ್ಟಿದವರಿಗೆ ಕಾಣಿಸಿತು, ಮುತ್ತಿಗೆ ಹಾಕಿದವರಿಗೆ ಕಾಣಿಸಿತು, ದಿನಾ ಹತ್ತಿ ಇಳಿಯುವ ನನ್ನ ಮಂಡಿಗೆ ಚೆನ್ನಾಗಿಯೇ ಕಾಣಿಸುತ್ತದೆ. ಅಂಜನಪ್ಪನಿಗೆ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕು, "ಅಂಗಾರೆ ನಾಳೆಯಿಂದ ಆ ಚೌಕದಾಗೇ ಮೇಯ್ಸಾನ ಕಣಣ್ಣ, ಬೆಟ್ಟ ಹತ್ತೋದು ತಪ್ತದೆ" ಎಂದ.

ನಗುವುದು ಬಿಟ್ಟು ಒಂದು ಮಾತು ಕೇಳುತ್ತೇನೆ. ನನಗೆ ಇದಕ್ಕೆ ಉತ್ತರ ಬೇಕೇ ಬೇಕು.

ಮೂರು ವರ್ಷದ ಹಿಂದೆ ದುರ್ಗದ ಪಡುವಲ ತಪ್ಪಲಲ್ಲಿ ಮೇಯಿಸುತ್ತಿದ್ದಾಗ ಸಿಡಿಲು ಬಿದ್ದು ನಮ್ಮ ಒಂಬತ್ತು ಕುರಿ ಹೋದವು. ಪುಟ್ಟಕ್ಕನ ಎಡಗಿವಿ ಹೋಯಿತು. ಜೀವ ಉಳಿದದ್ದೇ ಹೆಚ್ಚು. ಮೋಡ ನೋಡಬೇಕಾದವನು ನಾನು. ಆ ದಿನ ನನಗೆ ಕಾಣಲಿಲ್ಲ. ಯಾಕೆ ಕಾಣಲಿಲ್ಲ ಎಂದು ಎಲ್ಲರೂ ಕೇಳಿದರು.

ಅಂದಿನಿಂದ ಮೋಡದ ತಲೆ ಕಂಡ ಕೂಡಲೇ ಮಂದೆ ಇಳಿಸಿಬಿಡುತ್ತೇನೆ. ಹಾಗೆ ಮಾಡಿದರೆ ಕುರಿಗೆ ಅರ್ಧ ಹೊಟ್ಟೆ. ಮರಿ ಹಾಕಿದವಕ್ಕೆ ಹಾಲಿಲ್ಲ. ಅಂಜನಪ್ಪ ಬಾಯಿಗೆ ಬಂದಂತೆ ಆಡುತ್ತಾನೆ. "ಅವತ್ತು ನೋಡ್ನಿಲ್ಲ, ಈಗ ನೋಡಿದ್ದೇ ನೋಡಿದ್ದು. ಪುಕ್ಕಲನ ಜೊತೆ ಕುರಿ ಕಾಯಕಾಯ್ತದಾ? ಮಂದೆ ಪಾಲು ಮಾಡ್ಬುಡಾನ" ಎನ್ನುತ್ತಾನೆ. ತಮ್ಮನೇ, ಆದರೆ ಹೆಂಡತಿಯ ಕಿವಿ ಹೋದವನು. ನಾನು ಎದುರು ಮಾತಾಡುವುದಿಲ್ಲ.

ನಿಮ್ಮ ಕಂಪ್ಯೂಟರನ್ನು ಕೇಳಿ ಹೇಳಿ. ದುರ್ಗದ ಮೇಲೆ ಮೊದಲ ಮೋಡ ಎದ್ದ ಮೇಲೆ ತಪ್ಪಲಿಗೆ ಸಿಡಿಲು ಮಳೆ ಬರಲು ಎಷ್ಟು ಹೊತ್ತು? ಅಷ್ಟು ಹೊತ್ತು ಮೇಯಿಸಬಹುದಲ್ಲ. ಓದಿದವರು ಬರೆದುಕೊಟ್ಟರೆ ಅಂಜನಪ್ಪನೂ ಕೇಳುತ್ತಾನೆ, ಮಂದೆಯೂ ಒಡೆಯುವುದಿಲ್ಲ.

ಕದರಪ್ಪ


ಪುಣೆ
ಮೇ 2, 2024

ಕದರಪ್ಪಣ್ಣನವರಿಗೆ,

ಬೆಟ್ಟ ಬಂತು! ಸಣ್ಣ ಚೌಕದ ದತ್ತಾಂಶ ಸಿಕ್ಕಿತು. ಈಗ ಚನ್ನರಾಯನದುರ್ಗ ತಲೆಯೆತ್ತಿ ನಿಂತಿದೆ, ಮಧುಗಿರಿಯೂ ನಿಂತಿದೆ. ಹೋದ ವರ್ಷದ ನಿಮ್ಮ ಮೋಡಗಳು ಎಲ್ಲಿ ಎದ್ದವೋ ಅಲ್ಲೇ ಮಾಡೆಲ್‌ನಲ್ಲೂ ಗಾಳಿ ಮೇಲೇರುತ್ತಿದೆ. ಬೆಳಗ್ಗೆ ಇದನ್ನು ಕಂಡು ಕುರ್ಚಿಯಿಂದ ಎದ್ದು ಕೂಗಿಬಿಟ್ಟೆ. ಪಕ್ಕದ ಕೋಣೆಯವರು ಬಂದು ನೋಡಿ ಹೋದರು.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಮೊದಲ ಮೋಡದ ಹೊತ್ತನ್ನು ನಿಮ್ಮ ಕಾರ್ಡಿನಿಂದ ತೆಗೆದುಕೊಂಡೆ, ತಪ್ಪಲಿನಲ್ಲಿ ಮಳೆ ಶುರುವಾದ ಹೊತ್ತನ್ನು ಮಾಡೆಲ್‌ನಿಂದ. ದುರ್ಗದಲ್ಲಿ ಮೋಡ ಎದ್ದ ಇಪ್ಪತ್ತೊಂಬತ್ತು ದಿನಗಳನ್ನು ನೋಡಿದೆ. ಎರಡರ ನಡುವೆ ಹೆಚ್ಚುಕಡಿಮೆ ಎರಡು ಗಂಟೆ ಅಂತರವಿದೆ. ಎರಡು ಗಂಟೆ ನೀವು ಧೈರ್ಯವಾಗಿ ಮೇಯಿಸಬಹುದು. ಅಂಜನಪ್ಪಣ್ಣನಿಗೆ ಈ ಕಾಗದ ತೋರಿಸಿ. ಮಂದೆ ಒಡೆಯಬೇಡಿ.

ಬಹಳ ಸಂತೋಷದಿಂದ,
ಸ್ನೇಹಲತಾ


ಚನ್ನರಾಯನದುರ್ಗ
ಮೇ 8, 2024

ಸ್ನೇಹಲತಮ್ಮನವರಿಗೆ,

ನಿನ್ನೆ ನಿಮ್ಮ ಕಾಗದ ಬಂತು. ಅಂಜನಪ್ಪ ಪುಟ್ಟಕ್ಕ ಇಬ್ಬರನ್ನೂ ಕೂರಿಸಿ ಓದಿದೆ. ಅಂಜನಪ್ಪ "ಎರಡ್ ಗಂಟೆ! ನಾನೇನ್ ಹೇಳ್ತಿದ್ದೆ?" ಎಂದು ತೊಡೆ ತಟ್ಟಿದ. ಪಾಲಿನ ಮಾತು ಬಿಟ್ಟ. ಮೂರು ವರ್ಷದ ಮೇಲೆ ಅವನು ನನಗೆ ಬೀಡಿ ಕೊಟ್ಟ.

ಶಿರಾಕ್ಕೆ ಹೋಗಿ ವಾಚಿಗೆ ಹೊಸ ಸೆಲ್ ಹಾಕಿಸಿದ್ದೇನೆ. ಇನ್ನು ಮೇಲೆ ಮೋಡ ಎದ್ದರೆ ವಾಚು ನೋಡಿಕೊಂಡು ಕೂರುತ್ತೇವೆ.

ಮನೆಯವಳು ಮಾತ್ರ ಕಾಗದ ಮುಗಿಯುವ ಮುಂಚೆಯೇ ಎದ್ದು ಮೊರ ಹಿಡಿದಳು.

ಕದರಪ್ಪ


ಪುಣೆ
ಮೇ 13, 2024
ಸ್ಪೀಡ್ ಪೋಸ್ಟ್

ಕದರಪ್ಪಣ್ಣ,

ದಯವಿಟ್ಟು ಈ ಕಾಗದವನ್ನು ಕೈಗೆ ಬಂದ ಕ್ಷಣವೇ ಓದಿ. ನಾನು ಹೇಳಿದ ಎರಡು ಗಂಟೆ ತಪ್ಪು. ನಿಮಗಿರುವುದು ಅರ್ಧ ಗಂಟೆ. ಮೋಡ ಕಂಡ ಕೂಡಲೇ ಇಳಿಯಿರಿ, ಮೊದಲಿನ ಹಾಗೆ.

ನನ್ನ ತಪ್ಪು ಹೇಗಾಯಿತೆಂದು ಹೇಳುತ್ತೇನೆ. ಮಾಡೆಲ್ ಒಂದು ಗಂಟೆಯ ಮಳೆಯನ್ನು ಆ ಗಂಟೆ ಮುಗಿದ ಮೇಲೆ ಬರೆದಿಡುತ್ತದೆ. ಅಲ್ಲಿ "ನಾಲ್ಕು ಗಂಟೆ" ಎಂದಿದ್ದರೆ ಮೂರರಿಂದ ನಾಲ್ಕರವರೆಗೆ ಬಿದ್ದ ಮಳೆ. ನಾನು ನಾಲ್ಕಕ್ಕೆ ಶುರುವಾಯಿತು ಎಂದು ಓದಿಕೊಂಡೆ. ಅಲ್ಲಿಗೆ ಒಂದು ಗಂಟೆ ಹೋಯಿತು. ಅದರ ಗಡಿಯಾರ ಇಂಗ್ಲೆಂಡಿನದು, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಗಂಟೆಗೊಂದು ಸಾಲಿನ ಪಟ್ಟಿಯಲ್ಲಿ ಅರ್ಧ ಗಂಟೆ ಕೂರುವುದಿಲ್ಲವೆಂದು ಮೊದಲ ದಿನ ಆರು ಕೂಡಿಸಿ ನೋಡಿದ್ದೆ, ಆಮೇಲೆ ಸರಿಮಾಡೋಣ ಎಂದು. ಸರಿಮಾಡಲು ಮರೆತೆ. ಅಲ್ಲಿಗೆ ಇನ್ನರ್ಧ ಗಂಟೆ. ನಿಮ್ಮ ಕಾರ್ಡಿನ ಹೊತ್ತು ಸರಿಯಾಗಿತ್ತು, ನನ್ನ ಮಳೆಯ ಹೊತ್ತು ಒಂದೂವರೆ ಗಂಟೆ ತಡವಾಗಿತ್ತು.

ನನ್ನ ಕೆಲಸದವರು ಮೊದಲ ವರ್ಷ ಕಲಿಯುವ ಪಾಠ ಇದು. ಬೆಟ್ಟ ಬಂತೆಂಬ ಸಡಗರದಲ್ಲಿ ಮರೆತೆ. ನನ್ನ ಮಾತಿನ ಮೇಲೆ ನೀವು ಬಂಡೆಯ ಮೇಲೆ ಕೂತಿರುತ್ತೀರಿ ಎಂಬುದು ನೆನಪಾದರೆ ಅನ್ನ ಇಳಿಯುತ್ತಿಲ್ಲ.

ಅಪ್ಪನಿಂದ ಅಂಜನಪ್ಪಣ್ಣನ ನಂಬರು ತೆಗೆದುಕೊಂಡು ಬೆಳಗ್ಗೆಯಿಂದ ಹನ್ನೆರಡು ಸಲ ಫೋನ್ ಮಾಡಿದೆ. ಸ್ವಿಚ್ ಆಫ್.

ಸ್ನೇಹಲತಾ


ಪುಣೆ
ಮೇ 19, 2024

ಕದರಪ್ಪಣ್ಣ,

ಹದಿಮೂರನೇ ತಾರೀಖಿನ ನನ್ನ ಕಾಗದ ಸಿಕ್ಕಿತೋ ಇಲ್ಲವೋ ತಿಳಿಯದು. ಅದರ ನಕಲುಗಳನ್ನು ಹದಿನಾರಕ್ಕೆ ಮಧುಗಿರಿ, ವಳ್ಳೂರು, ಪಾವಗಡದ ಅಂಚೆ ಕಚೇರಿಗಳಿಗೆ ನಿಮ್ಮ ಹೆಸರು ಬರೆದು, "ಕುರಿ ಮಂದೆಯವರು, ಎಲ್ಲಿದ್ದರೂ ಹುಡುಕಿ ಕೊಡಿ" ಎಂದು ಬರೆದು ಹಾಕಿದ್ದೇನೆ. ಇದನ್ನೂ ಹಾಗೇ ಕಳುಹಿಸುತ್ತಿದ್ದೇನೆ.

ಹನ್ನೊಂದು ದಿನದಿಂದ ನಿಮ್ಮಿಂದ ಒಂದು ಕಾರ್ಡೂ ಬಂದಿಲ್ಲ. ಎರಡು ಬೇಸಿಗೆಯಲ್ಲಿ ಹೀಗೆ ಆದದ್ದಿಲ್ಲ. ಹದಿನೈದಕ್ಕೇ ಅಪ್ಪ ಬಸ್ಸು ಹತ್ತಿ ದುರ್ಗಕ್ಕೆ ಹೋಗಿ ನೋಡಿ ಬಂದರು. ನಿಮ್ಮ ಮನೆಗೆ ಬೀಗ. ಪಕ್ಕದ ಮನೆಯ ರಾಜಲಕ್ಷ್ಮಮ್ಮ, "ಹನ್ನೆರಡನೇ ತಾರೀಖು ಮಂದೆ ಹೊಡ್ಕೊಂಡು ಪಾವಗಡದ ಕಡೆ ಹೋದ್ರು. ಏನೋ ಜಗಳ ಆದಂಗಿತ್ತು, ಒಬ್ರ ಮೊಕ ಒಬ್ರು ನೋಡ್ತಿರ್ನಿಲ್ಲ" ಎಂದರಂತೆ. ನನ್ನ ಕಾಗದದಿಂದ ಅಣ್ಣತಮ್ಮಂದಿರ ನಡುವೆ ಏನಾಯಿತು? ಪಾಲಾಯಿತೆ?

ನಿನ್ನೆ ಪೇಪರಿನಲ್ಲಿ ಒಂದು ಸಣ್ಣ ಸುದ್ದಿ ಇತ್ತು. ಪಾವಗಡ ತಾಲ್ಲೂಕಿನಲ್ಲಿ ಸಿಡಿಲಿಗೆ ಹದಿನಾಲ್ಕು ಕುರಿ ಬಲಿ, ಕುರಿಗಾಹಿಗೆ ಗಾಯ. ಹೆಸರು ಹಾಕಿರಲಿಲ್ಲ. ಪತ್ರಿಕೆಯ ಆಫೀಸಿಗೆ ಫೋನ್ ಮಾಡಿದೆ. ಅವರಿಗೂ ಹೆಸರು ಗೊತ್ತಿರಲಿಲ್ಲ.

ಎರಡು ಗಂಟೆಯ ಆ ಕಾಗದ ನಿಮ್ಮ ಜೇಬಿನಲ್ಲಿದೆ ಎಂದು ನನಗೆ ಗೊತ್ತು. ಅದನ್ನು ಹರಿದುಹಾಕಿ. ನನ್ನನ್ನು ಬೈಯಿರಿ, ಬೈದು ಒಂದು ಕಾರ್ಡು ಬರೆಯಿರಿ. ಶುಕ್ರವಾರ ಸಂಜೆಯ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ. ಶಿರಾದಲ್ಲಿ ಇಳಿದು ಊರೂರು ತಿರುಗಿಯಾದರೂ ನಿಮ್ಮನ್ನು ಹುಡುಕುತ್ತೇನೆ.

ಸ್ನೇಹಲತಾ


ವಳ್ಳೂರು, ಪಾವಗಡ ತಾಲ್ಲೂಕು
ಮೇ 20, 2024
ಸ್ಪೀಡ್ ಪೋಸ್ಟ್

ಸ್ನೇಹಲತಮ್ಮನವರಿಗೆ,

ಎಲ್ಲರೂ ಇದ್ದೇವೆ. ನಾಲ್ಕು ಜನ, ನೂರಾ ಮೂವತ್ತು ಕುರಿ, ಒಂದು ನಾಯಿ. ಮೊದಲು ಇದನ್ನು ಓದಿಕೊಳ್ಳಿ, ನೀರು ಕುಡಿಯಿರಿ, ಆಮೇಲೆ ಮುಂದಿನದು ಓದಿ.

ಇವತ್ತು ಬೆಳಗ್ಗೆ ಸೋಲಾರ್ ಪ್ಲೇಟುಗಳ ಬೇಲಿಯ ಪಕ್ಕ ಮೇಯಿಸುತ್ತಿದ್ದೆವು. ಇಲ್ಲಿನ ಅಂಚೆಯ ಅಡವಯ್ಯ ಸೈಕಲ್ ಮೇಲೆ ಬಂದು, "ಕದರಪ್ಪ ಅಂದ್ರೆ ನುವ್ವೇನಾ? ಪುಣೆಯಿಂದ ಲೆಟರ್ ವಚ್ಚಿಂದಿ. ಮೂರು ಮಂದೆ ಕೇಳಿ ಬಂದೆ ಕಣಯ್ಯಾ" ಎಂದು ಅರ್ಧ ತೆಲುಗಿನಲ್ಲಿ ಬೈದು ಕೊಟ್ಟ. ನಾವು ಇಲ್ಲಿಗೆ ಬಂದದ್ದು ನಂದೀಶ್ವರಯ್ಯ ಎಂಬುವರ ಹೊಲದಲ್ಲಿ ಹದಿನೈದು ರಾತ್ರಿ ಕುರಿ ತರುಬಲು. ಎಲೆ ಅಡಿಕೆ ತೆಗೆದುಕೊಂಡು ಒಪ್ಪಿದ ಮೇಲೆ ನಡುವೆ ಬಿಟ್ಟು ಹೋಗುವ ಹಾಗಿಲ್ಲ. ನೀವು ನಮ್ಮೂರಿಗೆ ಹಾಕಿದ ಕಾಗದ ಅಲ್ಲೇ ಬಾಗಿಲ ಸಂದಿಯಲ್ಲಿ ಬಿದ್ದಿರಬೇಕು.

ಈಗ ನಡೆದದ್ದು ಹೇಳುತ್ತೇನೆ. ಸುಮ್ಮನಿರಬಹುದಿತ್ತು, ಆದರೆ ನೀವು ನಿಮ್ಮ ತಪ್ಪನ್ನು ಅಷ್ಟು ಬಿಡಿಸಿ ಬರೆದ ಮೇಲೆ ನಾನು ಬಚ್ಚಿಟ್ಟುಕೊಳ್ಳುವುದು ಸರಿಕಾಣಲಿಲ್ಲ.

ಮೇ ಹತ್ತು, ಬಸವ ಜಯಂತಿಯ ದಿನ. ದುರ್ಗದ ಪಡುವಲ ತಪ್ಪಲಲ್ಲಿ ಚಪ್ಪಡಿ ಬಂಡೆಯ ಮೇಲೆ ಕೂತು ಮುದ್ದೆ ಉಣ್ಣುತ್ತಿದ್ದೆವು. ಮನೆಯವಳು "ಎದ್ದೈತೆ" ಎಂದಳು. ನಾನು ವಾಚು ನೋಡಿದೆ, ಎರಡು ಗಂಟೆ ಹತ್ತು ನಿಮಿಷ.

"ನಾಲ್ಕ್ ಗಂಟೆವರ್ಗೂ ಟೈಮ್ ಐತೆ. ಕೂತ್ಕೋ" ಎಂದೆ.

"ಯಾರ್ ಹೇಳಿದ್ದು?"

"ಕಾಗದದಾಗೈತೆ."

"ಕಾಗದ ಈ ಮೋಡ ನೋಡೈತಾ?"

ಅಂಜನಪ್ಪ ನಕ್ಕ. ನಾನೂ ನಕ್ಕೆ. ಅವಳು ಎದ್ದು ಕೈ ಕೂಡ ತೊಳೆಯದೆ, ಗಂಟೆ ಕಟ್ಟಿದ ಹೋತದ ಕಿವಿ ಹಿಡಿದು ಎಳೆದುಕೊಂಡು ಹೊರಟೇಬಿಟ್ಟಳು. ಹೋತ ಹೋದ ಮೇಲೆ ಕುರಿ ನಮ್ಮ ಮಾತು ಕೇಳುವುದಿಲ್ಲ. ನೂರಾ ಮೂವತ್ತೂ ಅವಳ ಹಿಂದೆ ಇಳಿದವು. ಮಂದೆ ಹೋದ ಮೇಲೆ ನಾವು ಕೂತು ಕಾಯುವುದು ಏನನ್ನು? ನನಗೆ ಮೈಯೆಲ್ಲ ಉರಿದುಹೋಯಿತು. ಓದಿದವರು ಬರೆದ ಕಾಗದಕ್ಕೆ ತಮ್ಮನ ಎದುರು ಮರ್ಯಾದೆ ಕಳೆದಳು ಎಂದು ಅವಳನ್ನು ಹಿಡಿದು ಎರಡು ಬಾರಿಸಬೇಕೆಂದೇ ಹಿಂದೆ ಓಡಿದೆ. ಕೈಯಲ್ಲಿ ಅರ್ಧ ಮುದ್ದೆ ಹಾಗೇ ಇತ್ತು.

ಸ್ಕೂಲಿನ ಜಗುಲಿ ಹತ್ತಿರ ಅವಳು ಕೈಗೆ ಸಿಕ್ಕಿದಾಗ ಮೊದಲ ಹನಿ ಬಿತ್ತು. ಎರಡು ಮೂವತ್ತೈದು. ಕುರಿ ಒಳಗೆ ತುಂಬಿ ಮುಗಿಯುವಷ್ಟರಲ್ಲಿ ಬೆಟ್ಟದ ಕಡೆ ಸಿಡಿಲು ಬಿತ್ತು. ಮಾರನೇ ದಿನ ಹೋಗಿ ನೋಡಿದೆ. ನಾವು ಕೂತಿದ್ದ ಬಂಡೆಯ ಪಕ್ಕದ ಜಾಲಿ ಮರ ತುದಿಯಿಂದ ಬುಡದವರೆಗೆ ಸಿಪ್ಪೆ ಸುಲಿದುಕೊಂಡು ನಿಂತಿತ್ತು. ಅಂಜನಪ್ಪನ ಫೋನು ಅವತ್ತಿನ ಮಳೆಯಲ್ಲೇ ನೆಂದು ರಾಗಿ ಡಬ್ಬದೊಳಗೆ ಮಲಗಿದೆ.

ಕಾರ್ಡು ಯಾಕೆ ಬರಲಿಲ್ಲ ಎಂದು ನೀವು ಕೇಳಿಯೇ ಕೇಳುತ್ತೀರಿ. ನನ್ನ ಕಣ್ಣಿಗೆ ನಾಲ್ಕು ವರ್ಷದಿಂದ ಪೊರೆ ಬಂದಿದೆ. ಹತ್ತಿರದ ಅಕ್ಷರ ಕಾಣುತ್ತದೆ, ದೂರದ ಬೆಟ್ಟ ಹೊಗೆ ಹೊಗೆ. ಹೋದ ವರ್ಷದ ನಲವತ್ತೊಂದು, ಈ ವರ್ಷದ ಒಂಬತ್ತು, ಒಂದು ಮೋಡವನ್ನೂ ನಾನು ನೋಡಿದವನಲ್ಲ. ಎಲ್ಲವನ್ನೂ ನೋಡಿ ಹೇಳಿದವಳು ಚಿಕ್ಕಹನುಮಕ್ಕ. ಹೂಕೋಸು ಎಂದವಳೂ ಅವಳೇ. ನಾನು ಬರೆದವನು. ನೀವು ನನ್ನ ಕಣ್ಣನ್ನು ಹೊಗಳಿದಾಗ ಅವಳು ನಕ್ಕದ್ದು ಅದಕ್ಕೆ. ತಮ್ಮನಿಗೂ ಗೊತ್ತಿಲ್ಲ. ಮೂರು ವರ್ಷದ ಹಿಂದೆ ಪುಟ್ಟಕ್ಕನ ಕಿವಿ ಹೋದದ್ದು ನನ್ನ ಈ ಕಣ್ಣಿನಿಂದ ಎಂದು ತಿಳಿದರೆ ಅವನ ಎದುರು ಹೇಗೆ ನಿಲ್ಲಲಿ?

ಹತ್ತನೇ ತಾರೀಖಿನ ಮೇಲೆ ಅವಳು ನನಗೆ ಮೋಡ ಹೇಳುವುದನ್ನು ನಿಲ್ಲಿಸಿದಳು. "ಎಲ್ಲೈತೆ ಅಂತ ನಿನ್ ಕಾಗದಾನೇ ಕೇಳ್ಕೋ" ಎಂದಳು. ಸುಳ್ಳು ಬರೆಯಲು ಕೈ ಬರಲಿಲ್ಲ. ಹಾಗಾಗಿ ಕಾರ್ಡು ಖಾಲಿ ಉಳಿದವು. ಮಂದೆ ಪಾಲಾಗಿಲ್ಲ ಕಣಮ್ಮ. ಪಕ್ಕದ ಮನೆಯ ರಾಜಲಕ್ಷ್ಮಮ್ಮ ಜಗಳ ಕಂಡೆ ಎಂದು ಯಾರಿಗಾದರೂ ಹೇಳಿದರೆ, ಅದು ನಮ್ಮ ಗಂಡ ಹೆಂಡಿರದು.

ಇವತ್ತು ಅಡವಯ್ಯ ಕೊಟ್ಟ ಕಾಗದವನ್ನು ಎಲ್ಲರ ಮುಂದೆ ಓದಿದೆ. "ನನ್ನ ತಪ್ಪು" ಎಂದು ನೀವು ಬರೆದ ಕಡೆ ಅವಳು "ಅದನ್ ಇನ್ನೊಂದ್ ಸಲ ಓದು" ಎಂದಳು. ಓದಿದೆ. ಇನ್ನೊಂದು ಸಲ ಎಂದಳು. ಮೂರು ಸಲ ಓದಿಸಿಕೊಂಡು, "ಬರ್ಕೋ" ಎಂದಳು. ಹತ್ತು ದಿನದ ಮೋಡವನ್ನೂ ಒಂದೊಂದಾಗಿ ಹೇಳಿದಳು. ಎಲ್ಲಿ, ಯಾವ ಹೊತ್ತು, ಯಾವ ಕಡೆಯ ಗಾಳಿ, ಒಂದೂ ಮರೆತಿಲ್ಲ. ಆ ಹತ್ತು ಕಾರ್ಡು ಇದರ ಜೊತೆಗಿವೆ.

ಕದರಪ್ಪ


ಪುಣೆ
ಮೇ 24, 2024

ಕದರಪ್ಪಣ್ಣನವರಿಗೆ, ಮತ್ತು ಇನ್ನು ಮುಂದೆ ಮೊದಲಾಗಿ, ಚಿಕ್ಕಹನುಮಕ್ಕನವರಿಗೆ,

ನೀರು ಕುಡಿದೆ. ಕುಡಿದು ಅತ್ತೆ. ಅತ್ತು ಮುಖ ತೊಳೆದು ಮತ್ತೆ ಮೊದಲ ಸಾಲು ಓದಿದೆ. ಒಂದು ನಾಯಿ ಎಂದು ಲೆಕ್ಕ ಕೊಟ್ಟಿದ್ದೀರಲ್ಲ, ಅಲ್ಲಿ ನಗು ಬಂತು. ಹನ್ನೊಂದು ದಿನದ ಮೇಲೆ ಇವತ್ತು ಎರಡು ತಟ್ಟೆ ಅನ್ನ ತಿಂದೆ.

ಹನುಮಕ್ಕ, ನಾನೂ ಒಂದು ವಿಷಯ ಬಚ್ಚಿಟ್ಟಿದ್ದೆ. ಐದು ವರ್ಷದಿಂದ ಮೋಡ ಹುಟ್ಟುವುದನ್ನು ಓದುತ್ತಿದ್ದೇನೆ, ಒಂದು ಮೋಡ ಹುಟ್ಟುವುದನ್ನೂ ಮೊದಲಿನಿಂದ ಕೊನೆಯವರೆಗೆ ಕೂತು ನೋಡಿಲ್ಲ. ನಾನು ಕೂರುವ ಕೋಣೆಗೆ ಕಿಟಕಿ ಇಲ್ಲ. ನನಗೆ ಮಳೆ ಎಂದರೆ ಪರದೆಯ ಮೇಲೆ ಹಸಿರು, ಹಳದಿ, ಕೆಂಪು. ಶಿರಾದಲ್ಲಿ ಹುಟ್ಟಿದವಳೆಂದು ಹೇಳಿಕೊಂಡು ನಿಮ್ಮ ಬೆಟ್ಟದ ವಿಚಾರ ನಿಮಗೇ ಪಾಠ ಹೇಳಿದೆ. ನೀವು ನನ್ನ ಕಾಗದಕ್ಕೆ ಕಿವಿಗೊಡದೆ ಹೋತದ ಕಿವಿ ಹಿಡಿದಿರಿ. ನಾಲ್ಕು ಜೀವ ಉಳಿದವು, ಐದನೆಯದಾಗಿ ನಾನು ಉಳಿದೆ.

ನಮ್ಮ ಗೈಡ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಎರಡು ಗಂಟೆಯ ಲೆಕ್ಕ ಎಲ್ಲೂ ಅಚ್ಚಾಗಿರಲಿಲ್ಲ, ಅದೊಂದು ಪುಣ್ಯ. ಇನ್ನು ಮೇಲೆ ಯಾರಿಗಾದರೂ ಇಂತಿಷ್ಟು ಹೊತ್ತು ಎಂದು ಬರೆಯುವ ಮುಂಚೆ ಇನ್ನೊಬ್ಬರ ಕೈಯಲ್ಲಿ ಲೆಕ್ಕ ತೆಗೆಸಬೇಕು ಎಂದು ಗೈಡ್ ಕಟ್ಟುನಿಟ್ಟಾಗಿ ಹೇಳಿದರು. ಎಲ್ಲ ಕಾರ್ಡಿನಲ್ಲೂ ನೋಡಿದವರ ಹೆಸರು ತಿದ್ದಿದ್ದೇನೆ. ನೋಡಿದವರು ಚಿಕ್ಕಹನುಮಕ್ಕ, ಬರೆದವರು ಕದರಪ್ಪ. ಕದರಪ್ಪಣ್ಣ, ದಯವಿಟ್ಟು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಪೊರೆ ತೆಗೆಸುವುದು ಈಗ ಅರ್ಧ ದಿನದ ಕೆಲಸ.

ಇವತ್ತು ಸಂಜೆಯ ಟಿಕೆಟ್ ವಾಪಸ್ ಮಾಡಲಿಲ್ಲ. ಮನೆಗೆ ಹೋಗಿ ಅಮ್ಮ ಮಾಡಿದ ಊಟ ಮಾಡಿ ಎರಡು ದಿನ ಮಲಗಿ ಬರುತ್ತೇನೆ.

ಹನುಮಕ್ಕ, ಒಂದು ಪ್ರಶ್ನೆ ಮಾತ್ರ. ಕಾರ್ಡುಗಳಲ್ಲಿ ಕೆಲವು ಕಡೆ "ಏಳುವ ಮೊದಲೇ ಗೊತ್ತಾಯಿತು" ಎಂದಿದೆ. ಮೋಡವೇ ಇಲ್ಲದಾಗ ನಿಮಗೆ ಹೇಗೆ ಗೊತ್ತಾಗುತ್ತದೆ? ನಾನು ಐದು ವರ್ಷದಿಂದ ಹುಡುಕುತ್ತಿರುವುದು ಅದನ್ನೇ.

ಸ್ನೇಹಲತಾ


ಚನ್ನರಾಯನದುರ್ಗ
ಜೂನ್ 9, 2024

ಸ್ನೇಹಲತಾ ಅಕ್ಕ, ನಾನು ಅಂಜನಪ್ಪನವರ ಮಗಳು ಚಿತ್ರಾ, ಮಧುಗಿರಿಯಲ್ಲಿ ಡಿಗ್ರಿ ಓದುತ್ತಿದ್ದೇನೆ. ದೊಡ್ಡಪ್ಪ ಬರೆದರೆ ತಿದ್ದಿಬಿಡುತ್ತಾರೆ ಎಂದು ದೊಡ್ಡಮ್ಮ ಈ ಕಾಗದವನ್ನು ನನ್ನ ಕೈಯಲ್ಲಿ ಬರೆಸುತ್ತಿದ್ದಾರೆ. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕೆಂದು ಆಣೆ ಹಾಕಿಸಿಕೊಂಡಿದ್ದಾರೆ. ಇನ್ನು ಮುಂದಿನದೆಲ್ಲ ಅವರ ಮಾತು.

ಸ್ನೇಹಮ್ಮ, ಚಿಕ್ಕಹನುಮಕ್ಕ ಹೇಳೋದು. ಚೆಂದಾಗಿದ್ದೀಯಾ ತಾಯಿ? ಅಮ್ಮನ ಮನೇಲಿ ಉಂಡು ಮಲಕ್ಕೊಂಡು ಹೋದ್ಯಾ?

ನೀನು ಕೇಳ್ದೆ, ಮೋಡ ಇಲ್ದಾಗ ಹೆಂಗೆ ಗೊತ್ತಾಯ್ತದೆ ಅಂತ. ಅದೇನ್ ದೊಡ್ ವಿಷ್ಯ ಅಲ್ಲ ಕಣಮ್ಮ. ಮಧ್ಯಾನ ಆದ್ಮೇಲೆ ಶಿರಾದ ಕಡೆಯಿಂದ ಒಂದ್ ಗಾಳಿ ದೂಳೆತ್ಕೊಂಡು ಬತ್ತದೆ. ಪಾವಗಡದ ಕಡೆಯಿಂದ ಇನ್ನೊಂದ್ ಗಾಳಿ ಬತ್ತದೆ. ಎರಡ್ ಕಡೆ ದೂಳೂ ಒಂದುಕ್ಕೊಂದು ಮುಟ್ಟೋ ಜಾಗ ಇರ್ತದಲ್ಲ, ಅಲ್ಲಿ ದೂಳು ಪಕ್ಕಕ್ಕೆ ಹೋಗಲ್ಲ, ನೆಟ್ಟಗೆ ಮೇಲಕ್ಕೆ ಹೋಯ್ತದೆ. ಆ ಜಾಗ ಎಲ್ಲೈತೋ ಅದ್ರ ಮೇಲೇ ಮೋಡ ಹುಟ್ಟೋದು. ವಳ್ಳೂರಾಗೆ ಬಯಲು ಜಾಸ್ತಿ, ಇನ್ನೂ ಚೆಂದಾಗಿ ಕಾಣ್ತದೆ. ಮುಂದಿನ್ ಬ್ಯಾಸ್ಗೇಲಿ ಬಾ, ಕಿಟಕಿ ಇಲ್ದಿರೋ ಕೋಣೆಯಾಗೆ ಕೂತು ಏನ್ ನೋಡ್ತೀಯಾ? ನಾನೇ ತೋರಿಸ್ತೀನಿ.

ಈಗ ಇನ್ನೊಂದ್ ಹೇಳ್ತೀನಿ. ಇದನ್ನ ಹೇಳಾಕೇ ಬರ್ಸಿದ್ದು.

ಮೂರು ವರ್ಷದ ಹಿಂದೆ ಸಿಡಿಲು ಬಿತ್ತಲ್ಲ, ಆ ದಿನ ಬೆಳಗ್ಗೆ ನಂಗೂ ಪುಟ್ಟಕ್ಕಂಗೂ ಜಗಳ ಆಗಿತ್ತು. ನೀರಿನ ಬಿಂದಿಗೆ ವಿಚಾರಕ್ಕೆ. ನಲ್ಲೀಲಿ ನನ್ ಬಿಂದಿಗೆ ಪಕ್ಕಕ್ಕೆ ಎತ್ತಿಟ್ಟು ತನ್ ಬಿಂದಿಗೆ ಮುಂದೆ ಇಟ್ಕೊಂಡ್ಳು ಅಂತ. ಇಬ್ರೂ ಮಾತು ಬಿಟ್ಟಿದ್ವಿ. ಮಧ್ಯಾನ ಬೆಟ್ಟದ ಬುಡದಾಗೆ ನಾನು ತಲೆ ಎತ್ತಿ ನೋಡ್ದೆ. ಮೋಡ ಎದ್ದಿತ್ತು. ನಮ್ಮೆಜಮಾನ್ರಿಗೆ ಕಾಣಲ್ಲ ಅಂತ ನಂಗೊಬ್ಳಿಗೇ ಗೊತ್ತಿತ್ತು, ದಿನಾ ಕಿವಿಯಾಗೆ ನಾನೇ ಹೇಳ್ತಿದ್ದೆ. ಅವತ್ತು ಅವ್ರು ಪುಟ್ಟಕ್ಕನ ಪಕ್ಕ ಕೂತಿದ್ರು. ಅಲ್ಲಿಗ್ ಹೋಗಿ ಬಾಯಿ ಬಿಟ್ರೆ ಅವಳ ಮುಂದೆ ಸೋತಂಗೆ ಆಯ್ತದೆ ಅಂತ ಸುಮ್ಕಿದ್ಬುಟ್ಟೆ. ಇನ್ನೊಂದ್ ಗಳಿಗೆ ನೋಡಾನ ಅಂದ್ಕೊಂಡೆ. ಆ ಗಳಿಗೇಲೇ ಬಿತ್ತು.

ಎಲ್ರೂ ನಮ್ಮೆಜಮಾನ್ರನ್ನ ಬೈದ್ರು. ಅವ್ರು ತಮ್ ಕಣ್ಣನ್ನ ಬೈಕೊಂಡ್ರು. ನಾನು ಮೂರು ವರ್ಷ ಒಲೆ ಮುಂದೆ ಕೂತು ಕೇಳಿಸ್ಕೊಂಡೆ. ಒಂದ್ ದಿನವೂ ನೆಟ್ಟಗೆ ನಿದ್ದೆ ಮಾಡ್ನಿಲ್ಲ.

ವಳ್ಳೂರಾಗೆ ನಿನ್ ಕಾಗದ ಓದಿದ್ರಲ್ಲ, ಅಷ್ಟ್ ಓದಿರೋ ಹುಡುಗಿ, ನಾವ್ಯಾರೂ ಕೇಳ್ದೆ ಇದ್ರೂ, ಇದು ನನ್ ತಪ್ಪು, ಇಂಗಿಂಗೆ ಆಯ್ತು ಅಂತ ಮೂರ್ ಮೂರು ಊರಿಗೆ ಬರ್ದು ಹಾಕಿದ್ಯಲ್ಲ. ಅವತ್ ಸಂಜೆ ಪುಟ್ಟಕ್ಕನ ಕೇಳೋ ಕಿವಿ ಕಡೆ ಹೋಗಿ ಕೂತ್ಕೊಂಡೆ. ಹೇಳ್ಬುಟ್ಟೆ. ಹೊಡೀತಾಳೆ, ಹೊಡೀಲಿ ಅಂತ ಕೂತಿದ್ದೆ.

ಅವಳು ನನ್ ಕೈ ಹಿಡ್ಕೊಂಡ್ಳು. ಆಮೇಲೆ ಅಂದ್ಳು, "ನೀನ್ ತಲೆ ಎತ್ತಿದ್ದು ನಾನ್ ನೋಡಿದ್ದೆ ಕಣಕ್ಕ. ಏನಕ್ಕ, ಮೋಡಾನಾ ಅಂತ ಒಂದ್ ಮಾತು ಕೇಳಿದ್ರೆ ನೀನು ಹೇಳ್ತಿದ್ದೆ ಅಂತ ನಂಗೂ ಗೊತ್ತಿತ್ತು. ನಾನೂ ಕೇಳ್ನಿಲ್ಲ. ಅದ್ಕೇ ಈ ಕಿವಿ ವಿಚಾರಕ್ಕೆ ಯಾರನ್ನೂ ಒಂದ್ ಮಾತು ಅಂದಿಲ್ಲ ನಾನು."

ಇಬ್ರೂ ಹಿಡ್ಕೊಂಡು ಅತ್ವಿ ಕಣಮ್ಮ, ಕುರಿಯೆಲ್ಲ ಎದ್ದು ನಿಂತ್ಕೊಂಡ್ವು.

ಆಮೇಲೆ ಗಂಡಸ್ರಿಗೆ ಹೇಳಿದ್ವಿ, ಕಣ್ಣಿನ ಪೊರೆ ವಿಚಾರಾನೂ ಸೇರ್ಸಿ. ನಮ್ಮೆಜಮಾನ್ರು ತಲೆ ತಗ್ಗಿಸ್ಕೊಂಡು ಕೂತ್ರು. ಬೈತಾರೆ ಅಂದ್ಕೊಂಡೆ. "ಅಂಗಾರೆ ನನ್ ಕಣ್ಣಿಂದ ಆಗಿದ್ದಲ್ವಾ?" ಅಂದ್ರು. ಅಲ್ಲ ಅಂದೆ. ಎರಡ್ ಸಲ ಕೇಳಿದ್ರು, ಎರಡ್ ಸಲವೂ ಅಲ್ಲ ಅಂದೆ. ಟವಲ್ ತಕ್ಕೊಂಡು ಮೊಕ ಮುಚ್ಕೊಂಡ್ರು. ಅಂಜನಪ್ಪ ಎದ್ದು ಹೋಗಿ ಅಣ್ಣನ ಪಕ್ಕ ಕೂತ್ಕೊಂಡ. ಊರಿಗೆ ಬಂದ್ ಮಾರನೇ ದಿನ ಅವನೇ ಅವ್ರನ್ನ ಬೈಕಿನಾಗೆ ಕೂರಿಸ್ಕೊಂಡು ಕಣ್ಣಿನ ಡಾಕ್ಟ್ರ ತಾವ ಹೋಗಿದ್ದ. ಬರೋ ಬುಧವಾರ ಪೊರೆ ತೆಗೀತಾರಂತೆ.

ಈಗ ನಾನೂ ಪುಟ್ಟಕ್ಕನೂ ಇಬ್ರೂ ನೋಡ್ತೀವಿ. ಯಾರ್ಗೆ ಮೊದ್ಲು ಕಂಡ್ರೂ ಕೂಗ್ಬುಡ್ತೀವಿ. ಒಂದೊಂದ್ ಸಲ ಮೋಡ ಇಲ್ದೆ ಇದ್ರೂ ಕೂಗ್ತೀವಿ ಅಂತ ಅಂಜನಪ್ಪ ಗೊಣಗ್ತಾನೆ, ಗೊಣಗ್ಕೊಂಡೇ ಇಳೀತಾನೆ.

ನಿನ್ನೆ ಮಧ್ಯಾನ ಜೋರು ಮಳೆ ಬಂತು ತಾಯಿ, ಸಿಡಿಲೂ ಬಂತು. ಎಲ್ರೂ ಒಳಗಿದ್ವಿ.